ಸಿಫ್ನೋಸ್ ದ್ವೀಪದ ಕಡಲಂಚಿನ ಚಿಕ್ಕ ಹೋಟೆಲ್: ಮೊದಲು ಕೊಲ್ಲಿ ಆರಿಸಿ, ಆಮೇಲೆ ರೂಮು

ಪ್ರಶ್ನೆ: ಸೆಪ್ಟೆಂಬರ್‌ನಲ್ಲಿ ನಾನು, ನಮ್ಮ ಯಜಮಾನರು ಮತ್ತು ಅತ್ತೆ ಗ್ರೀಸ್‌ಗೆ ಹೊರಟಿದ್ದೇವೆ. ಅತ್ತೆಗೆ 68 ವರ್ಷ, ಮಂಡಿನೋವು ಇದೆ. ಸಾಂಟೊರಿನಿಯ ನೂಕುನುಗ್ಗಲೂ ಬೇಡ, ದೊಡ್ಡ ರೆಸಾರ್ಟೂ ಬೇಡ. ಮನೆಯವರೇ ನಡೆಸುವ, ಸಮುದ್ರಕ್ಕೆ ತಾಗಿದ ಚಿಕ್ಕ ಹೋಟೆಲಿನಲ್ಲಿ ಐದು ರಾತ್ರಿ ಇರಬೇಕೆಂದು ಆಸೆ. ನಾವು ಸಸ್ಯಾಹಾರಿಗಳು, ಅತ್ತೆ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಯಾವ ದ್ವೀಪಕ್ಕೆ ಹೋಗಬೇಕು, ಹೋಟೆಲನ್ನು ಹೇಗೆ ಆರಿಸಬೇಕು, ಎಲ್ಲಿ ಎಡವಟ್ಟಾಗುತ್ತದೆ? (ಮೈಸೂರಿನ ಓದುಗರು)

ಉತ್ತರ: ನೀವು ಹೇಳಿದ್ದಕ್ಕೆಲ್ಲ ಒಪ್ಪುವ ದ್ವೀಪವೆಂದರೆ ಸಿಫ್ನೋಸ್. ಏಜಿಯನ್ ಸಮುದ್ರದ ಸಿಕ್ಲಾಡೀಸ್ ದ್ವೀಪಗಳ ಪಶ್ಚಿಮದ ಸಾಲಿನಲ್ಲಿದೆ. ವಿಸ್ತಾರ ಸುಮಾರು 74 ಚದರ ಕಿ.ಮೀ., ವರ್ಷವಿಡೀ ಇರುವ ಜನ ಮೂರು ಸಾವಿರಕ್ಕೂ ಕಡಿಮೆ. ವಿಮಾನ ನಿಲ್ದಾಣವಿಲ್ಲ, ಹಡಗಿನಲ್ಲೇ ಹೋಗಬೇಕು. ಜನಜಂಗುಳಿ ಹಿಡಿತದಲ್ಲಿರುವುದಕ್ಕೆ ಇದೇ ದೊಡ್ಡ ಕಾರಣ. ಹೋಟೆಲುಗಳಲ್ಲಿ ಹೆಚ್ಚಿನವು ಒಂದೊಂದು ಕುಟುಂಬ ನಡೆಸುವಂಥವು. ಬೇಳೆಕಾಳು, ತರಕಾರಿಯ ಅಡುಗೆ ಅಲ್ಲಿನವರ ದಿನದ ಊಟವೇ ಆಗಿರುವುದರಿಂದ ನಿಮ್ಮ ಅತ್ತೆಯವರು ಬ್ರೆಡ್ಡು-ಹಣ್ಣಿನಲ್ಲಿ ದಿನ ತಳ್ಳಬೇಕಾಗುವುದಿಲ್ಲ. ಸೆಪ್ಟೆಂಬರ್ 10ರಿಂದ 25ರ ನಡುವೆ ದಿನ ಹಾಕಿಕೊಳ್ಳಿ. ಆಗಸ್ಟ್ ರಜೆಯ ಜನ ಖಾಲಿಯಾಗಿರುತ್ತಾರೆ, ಬೇಸಿಗೆಯಿಡೀ ಕಾದ ಸಮುದ್ರ ಇನ್ನೂ 24 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ತಿಂಗಳ ಕೊನೆಗೆ ಹೋದರೆ ಕೆಲವು ಊಟದ ಮನೆಗಳು ಬಾಗಿಲು ಹಾಕಲು ಶುರುಮಾಡುತ್ತವೆ. ಅಕ್ಟೋಬರ್ ನಡುವಿನ ಹೊತ್ತಿಗೆ ಬಹುತೇಕ ಚಿಕ್ಕ ಹೋಟೆಲುಗಳೂ ಮುಚ್ಚುತ್ತವೆ.

ಹೋಟೆಲ್ ಫೋಟೊಗಳಲ್ಲಿ ಬಿಳಿ ಗೋಡೆ, ನೀಲಿ ಕಿಟಕಿ, ಬೋಗನ್‌ವಿಲ್ಲಾ ಎಲ್ಲ ಕಡೆಯೂ ಒಂದೇ. ನಿಮ್ಮ ಐದು ದಿನ ಹೇಗೆ ಕಳೆಯುತ್ತವೆ ಎಂಬುದನ್ನು ತೀರ್ಮಾನಿಸುವುದು ಫೋಟೊದಲ್ಲಿ ಕಾಣದ ಸಂಗತಿಗಳು: ಕೊಲ್ಲಿ ಯಾವ ದಿಕ್ಕಿಗೆ ತೆರೆದಿದೆ, ರಸ್ತೆಯಿಂದ ರೂಮಿಗೆ ಎಷ್ಟು ಮೆಟ್ಟಿಲು, ಬಸ್ಸು ಎಲ್ಲಿ ನಿಲ್ಲುತ್ತದೆ. ದಿಕ್ಕು ಮುಖ್ಯವಾಗುವುದು ಮೆಲ್ಟೆಮಿ ಗಾಳಿಯಿಂದಾಗಿ. ಬೇಸಿಗೆಯಲ್ಲಿ ಉತ್ತರದಿಂದ ಬೀಸುವ ಒಣಗಾಳಿ ಇದು. ಆಕಾಶದಲ್ಲಿ ಒಂದು ಮೋಡವೂ ಇಲ್ಲದಿರುವಾಗಲೇ ದಿನಗಟ್ಟಲೆ ಬಿಡದೆ ಬೀಸುತ್ತದೆ. ಜುಲೈ, ಆಗಸ್ಟ್‌ನಲ್ಲಿ ಜೋರು, ಸೆಪ್ಟೆಂಬರ್ ನಡುವಿನಿಂದ ಇಳಿಮುಖ, ಆದರೂ ಪೂರ್ತಿ ನಿಂತಿತೆಂದು ನಂಬಬೇಡಿ. ಉತ್ತರಕ್ಕೆ ತೆರೆದ ಬಾಲ್ಕನಿಯಲ್ಲಿ ಅಂಥ ದಿನ ಕೂರಲಾಗುವುದಿಲ್ಲ, ರಾತ್ರಿಯಿಡೀ ಕಿಟಕಿ ಬಾಗಿಲು ಬಡಿಯುತ್ತವೆ. ಅದೇ ಹೊತ್ತಿಗೆ ದಕ್ಷಿಣದ ಕೊಲ್ಲಿಯಲ್ಲಿ ಮಕ್ಕಳು ದಡದಲ್ಲಿ ಆಡುತ್ತಿರುತ್ತಾರೆ.

ಹಡಗು ಬಂದು ನಿಲ್ಲುವುದು ಕಮಾರೆಸ್‌ನಲ್ಲಿ. ಪಶ್ಚಿಮಕ್ಕೆ ತೆರೆದ ಕೊಲ್ಲಿ, ಎರಡೂ ಬದಿಗೆ ಎತ್ತರದ ಬೆಟ್ಟ, ನಡುವೆ ಉದ್ದನೆಯ ಮರಳು ದಡ. ನೀರು ಬಹಳ ದೂರದವರೆಗೆ ಆಳವಿಲ್ಲ. ಅಂಗಡಿ, ಬಸ್ಸು, ಊಟ ಎಲ್ಲವೂ ನಡೆದು ಹೋಗುವಷ್ಟು ದೂರದಲ್ಲಿ, ಅದೂ ಸಮತಟ್ಟು ನೆಲದಲ್ಲಿ. ಸೂರ್ಯ ಮುಳುಗುವುದು ಸಮುದ್ರದ ಕಡೆಗೇ. ತೊಂದರೆಯೆಂದರೆ ಹಡಗಿನ ಸದ್ದು: ಲಂಗರಿನ ಸರಪಳಿ ಇಳಿಯುವುದು, ಲಾರಿಗಳು ಹತ್ತಿ ಇಳಿಯುವುದು, ಕೆಲವೊಮ್ಮೆ ರಾತ್ರಿ ಹೊತ್ತು ಮೀರಿದ ಮೇಲೂ ಇರುತ್ತದೆ. ಹಾಗಾಗಿ ಕಮಾರೆಸ್‌ನಲ್ಲಿ ಹಿಡಿಯುವುದಾದರೆ ಹಡಗುಕಟ್ಟೆಯ ಬದಿ ಬಿಟ್ಟು, ಮರಳಿನ ನಡುಭಾಗದಲ್ಲೋ ಅದರ ಆಚೆ ತುದಿಯಲ್ಲೋ ಇರುವ ಹೋಟೆಲ್ ನೋಡಿ.

ಪ್ಲಾಟಿಸ್ ಯಾಲೋಸ್ ದಕ್ಷಿಣ ತೀರದಲ್ಲಿದೆ. ಉತ್ತರದ ಗಾಳಿಗೆ ಬೆಟ್ಟ ಅಡ್ಡ ನಿಂತಿರುವುದರಿಂದ ದ್ವೀಪದಲ್ಲೇ ಹೆಚ್ಚು ಶಾಂತವಾಗಿರುವ ದೊಡ್ಡ ಕಡಲತೀರ ಇದು. ಹೋಟೆಲುಗಳೂ ಊಟದ ಮನೆಗಳೂ ಮರಳಿನುದ್ದಕ್ಕೂ ಸಾಲಾಗಿವೆ. ಕೆಲವದರ ಬಾಗಿಲು ನೇರ ಮರಳಿಗೆ ತೆರೆಯುತ್ತದೆ, ಕೆಲವು ರಸ್ತೆಯ ಆಚೆ ಇವೆ, ಇನ್ನು ಕೆಲವು ಇಳಿಜಾರಿನ ಮೇಲೆ. ಮೂರೂ ತಮ್ಮನ್ನು ‘ಸಮುದ್ರತೀರದ ಹೋಟೆಲ್’ ಎಂದೇ ಕರೆದುಕೊಳ್ಳುತ್ತವೆ. ಆದ್ದರಿಂದ ಹೆಸರನ್ನು ಗೂಗಲ್ ಮ್ಯಾಪ್‌ನಲ್ಲಿ ಹಾಕಿ, ಉಪಗ್ರಹ ಚಿತ್ರದಲ್ಲಿ ಕಟ್ಟಡಕ್ಕೂ ಮರಳಿಗೂ ನಡುವೆ ಏನಿದೆ ಎಂದು ಕಣ್ಣಾರೆ ನೋಡಿ. ಇಲ್ಲಿ ಒಂದು ಎಚ್ಚರಿಕೆ ಬೇಕು. ದಕ್ಷಿಣದ ಕೊಲ್ಲಿಯಲ್ಲಿ ಮೆಲ್ಟೆಮಿ ದಡದಿಂದ ಸಮುದ್ರದ ಕಡೆಗೆ ಬೀಸುತ್ತದೆ. ನೀರು ಶಾಂತವಾಗಿ ಕಂಡರೂ ಗಾಳಿ ತುಂಬಿದ ಹಾಸಿಗೆ, ಟ್ಯೂಬಿನ ಮೇಲೆ ಮಲಗಿದವರನ್ನು ಅದು ಹೊರಕ್ಕೆ ಒಯ್ಯುತ್ತದೆ. ಅಂಥವನ್ನು ಬಳಸಲೇಬೇಡಿ.

ವಾಥಿ ನೈಋತ್ಯದಲ್ಲಿ, ಹೆಚ್ಚುಕಡಿಮೆ ಮುಚ್ಚಿದಂತಿರುವ ಕೊಲ್ಲಿ. ನೀರಿನಂಚಿಗೇ ಕಟ್ಟಿದ ಬಿಳಿ ಚರ್ಚು, ಕುಂಬಾರರ ಆವಿಗೆಗಳು, ಬಹಳ ನೆಮ್ಮದಿಯ ಜಾಗ. ಆದರೆ ಬಸ್ಸು ತಪ್ಪಿದರೆ ಟ್ಯಾಕ್ಸಿಯೇ ಗತಿ, ಅಂಗಡಿಯೂ ಕಡಿಮೆ. ಫಾರೋಸ್ ಆಗ್ನೇಯದ ಪುಟ್ಟ ಮೀನುಗಾರರ ಹಳ್ಳಿ. ಬಂಡೆಯೊಂದರ ಮೇಲೆ ನಿಂತ ಹ್ರಿಸೋಪಿಯಿ ಮಠಕ್ಕೆ ಅಲ್ಲಿಂದ ಕಾಲುದಾರಿ ಇದೆ. ಕಾಸ್ತ್ರೊ ಮಾತ್ರ ನಿಮಗಲ್ಲ. ಸಿಫ್ನೋಸ್‌ನ ಚಿತ್ರಗಳಲ್ಲಿ ಹೆಚ್ಚು ಕಾಣುವುದು ಇದೇ ಹಳೆಯ ಕೋಟೆಯೂರು, ಸಮುದ್ರಕ್ಕೆ ತಾಗಿದಂತೆಯೇ ಕಾಣುತ್ತದೆ. ನಿಜದಲ್ಲಿ ಕಡಿದಾದ ಬಂಡೆಯ ನೆತ್ತಿಯಲ್ಲಿದೆ. ನೀರಿಗಿಳಿಯಲು ಮೆಟ್ಟಿಲೋ ಮೆಟ್ಟಿಲು, ಗಾಳಿಯೂ ನೇರ ಹೊಡೆಯುತ್ತದೆ. ಅಲ್ಲಿಗೆ ಒಂದು ಸಂಜೆ ಬಸ್ಸಿನಲ್ಲಿ ಹೋಗಿಬನ್ನಿ, ಸಾಕು.

ನಿಮ್ಮ ಮೂವರಿಗೆ ನನ್ನ ಆಯ್ಕೆ ಕಮಾರೆಸ್. ಮಂಡಿನೋವಿರುವವರು ಮಗ-ಸೊಸೆಯನ್ನು ಕಾಯದೆ ತಾವೇ ಎದ್ದು ಹೋಗಿ ದಡದಲ್ಲಿ ಕೂತು ಬರುವಂತಿರಬೇಕು. ಆ ಸ್ವಾತಂತ್ರ್ಯ ಸಮತಟ್ಟು ನೆಲದಿಂದ ಸಿಗುತ್ತದೆ, ಬಾಲ್ಕನಿಯ ನೋಟದಿಂದ ಅಲ್ಲ. ಗಾಳಿಯ ಚಿಂತೆ ಹೆಚ್ಚಿದ್ದರೆ ಪ್ಲಾಟಿಸ್ ಯಾಲೋಸ್.

ಗ್ರೀಸ್‌ನಲ್ಲಿ ಹೋಟೆಲುಗಳಿಗೆ ನಕ್ಷತ್ರ, ಬಾಡಿಗೆ ರೂಮು ಮತ್ತು ಅಪಾರ್ಟ್‌ಮೆಂಟುಗಳಿಗೆ ಕೀಲಿಕೈ ಚಿಹ್ನೆಯ ದರ್ಜೆ ಕೊಡುತ್ತಾರೆ. ಎರಡೂ ಸೌಲಭ್ಯಗಳ ಪಟ್ಟಿ ನೋಡಿ ಕೊಡುವಂಥವು. ರಾತ್ರಿಯಿಡೀ ಸ್ವಾಗತದ ಮೇಜಿನಲ್ಲಿ ಜನ ಇದ್ದಾರೆಯೇ, ಲಿಫ್ಟ್ ಇದೆಯೇ ಎಂಬುದೆಲ್ಲ ಅದರಲ್ಲಿ ಸೇರುತ್ತದೆ. ಅಡುಗೆಯ ರುಚಿ, ಮನೆಯವರ ಅಕ್ಕರೆ ಸೇರುವುದಿಲ್ಲ. ಹಾಗಾಗಿ ಎರಡು ನಕ್ಷತ್ರದ ಕುಟುಂಬದ ಹೋಟೆಲ್ ನಾಲ್ಕು ನಕ್ಷತ್ರದ್ದಕ್ಕಿಂತ ನಿಮಗೆ ಹಿತವಾಗಬಹುದು. ಖರ್ಚಿನಲ್ಲೂ ವ್ಯತ್ಯಾಸವಿದೆ. ಹವಾಮಾನ ವಿಕೋಪ ನಿಧಿಗೆಂದು ಸರ್ಕಾರ ಪ್ರತಿ ರೂಮಿಗೆ, ಪ್ರತಿ ರಾತ್ರಿಗೆ ಶುಲ್ಕ ಹಾಕುತ್ತದೆ. 2025ರ ಪರಿಷ್ಕೃತ ದರದಂತೆ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಒಂದೆರಡು ನಕ್ಷತ್ರದ ಹೋಟೆಲಿಗೆ 2 ಯೂರೊ, ಮೂರಕ್ಕೆ 5, ನಾಲ್ಕಕ್ಕೆ 10, ಐದಕ್ಕೆ 15. ಬುಕಿಂಗ್ ಮಾಡುವಾಗ ತೋರಿಸಿದ ಬಾಡಿಗೆಯಲ್ಲಿ ಇದು ಸೇರಿರುವುದು ಅಪರೂಪ. ಹೋಟೆಲಿನಲ್ಲೇ ಕೇಳಿ ತೆಗೆದುಕೊಳ್ಳುತ್ತಾರೆ, ಮೋಸವೆಂದು ಗಾಬರಿಯಾಗಬೇಡಿ.

ಇಬ್ಬರ ರೂಮಿಗೆ ಮೂರನೆಯ ಹಾಸಿಗೆ ಹಾಕಿಸಿಕೊಳ್ಳುವುದಕ್ಕಿಂತ, ಒತ್ತಿನಲ್ಲಿರುವ ಎರಡು ಚಿಕ್ಕ ರೂಮು ಹಿಡಿಯಿರಿ. ಅಲ್ಲಿ ಮೂರನೆಯದೆಂದರೆ ಹೆಚ್ಚಾಗಿ ಮಡಚುವ ಮಂಚ, ಇಲ್ಲವೇ ಸೋಫಾ. ಹಳೆಯ ಶೈಲಿಯ ರೂಮುಗಳಲ್ಲಿ ಗಾರೆಯ ಜಗಲಿಯ ಮೇಲೇ ಹಾಸಿಗೆ ಹಾಕಿರುತ್ತಾರೆ. ತಗ್ಗಾಗಿರುವುದರಿಂದ ಮಂಡಿನೋವಿನವರಿಗೆ ಏಳುವುದು ಕಷ್ಟ.

ಬುಕಿಂಗ್ ಸೈಟಿನಲ್ಲಿ ಹೆಸರು ಹುಡುಕಿ, ಹಣ ಕಟ್ಟುವ ಮೊದಲು ಮಾಲೀಕರಿಗೇ ಇಮೇಲ್ ಬರೆಯಿರಿ. ಪುಟ್ಟ ಪುಟ್ಟ ಇಂಗ್ಲಿಷ್ ವಾಕ್ಯ, ಪ್ರತಿ ಪ್ರಶ್ನೆಗೂ ಸಂಖ್ಯೆ. ರಸ್ತೆಯಿಂದ ರೂಮಿನ ಬಾಗಿಲವರೆಗೆ ಎಷ್ಟು ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿ ಇದೆಯೇ ಎಂಬುದೇ ಮೊದಲನೆಯದಾಗಿರಲಿ. ಸುಣ್ಣ ಬಳಿದ ಹೊರಮೆಟ್ಟಿಲುಗಳಿಗೆ ಬಹಳ ಕಡೆ ಕಂಬಿಯೇ ಇರುವುದಿಲ್ಲ. ನೆಲಮಹಡಿಯ ರೂಮು ಸಿಗುತ್ತದೆಯೇ? ಸಮುದ್ರ ಕಾಣುವುದು ನೇರವಾಗಿಯೋ, ಬಾಲ್ಕನಿಯ ಮೂಲೆಯಿಂದ ಬಗ್ಗಿದರೆ ಮಾತ್ರವೋ? ಕೆಳಗೆ ಬಾರ್ ಅಥವಾ ಊಟದ ಮನೆ ಇದ್ದರೆ ಎಷ್ಟು ಹೊತ್ತಿಗೆ ಮುಚ್ಚುತ್ತದೆ? ಬಚ್ಚಲಿಗೆ ಹೊಸ್ತಿಲಿನಂಥ ಎತ್ತರದ ಕಟ್ಟೆ ಇದೆಯೇ? ಮೊಟ್ಟೆಯಿಲ್ಲದ ತಿಂಡಿ ಕೊಡುತ್ತೀರಾ? ಕೊನೆಯದಾಗಿ, ಗಾಳಿಯಿಂದ ಹಡಗು ರದ್ದಾಗಿ ಒಂದು ದಿನ ತಡವಾಗಿ ಬಂದರೆ ಆ ರಾತ್ರಿಯ ಬಾಡಿಗೆ ಏನಾಗುತ್ತದೆ? ಇದಕ್ಕೆ ಉತ್ತರ ಬರವಣಿಗೆಯಲ್ಲೇ ಇರಲಿ. ಉತ್ತರ ಬಂದ ರೀತಿಯೇ ನಿಮಗೆ ಬಹಳಷ್ಟು ಹೇಳುತ್ತದೆ. ಮೆಟ್ಟಿಲನ್ನು ಎಣಿಸಿ ಬರೆಯುವ ಮಾಲೀಕರ ಮನೆಯಲ್ಲಿ ಉಳಿದದ್ದೂ ಸರಿಯಾಗಿರುತ್ತದೆ.

ಕಟ್ಟಡದ ಸ್ವಭಾವ ತಿಳಿದಿದ್ದರೆ ಸಣ್ಣಪುಟ್ಟ ಕಿರಿಕಿರಿ ದೊಡ್ಡದಾಗುವುದಿಲ್ಲ. ಬಿಸಿಲು-ಗಾಳಿ ತಡೆಯಲೆಂದು ಗೋಡೆ ದಪ್ಪ, ಕಿಟಕಿ ಚಿಕ್ಕದು. ಅದರಿಂದಲೇ ರೂಮು ಇಕ್ಕಟ್ಟು, ಒಳಗೆ ವೈಫೈ ಕ್ಷೀಣ. ಉಪ್ಪುಗಾಳಿಗೆ ಬೀಗ, ಚಿಲಕ, ಎಸಿಯ ಹೊರಘಟಕ ತುಕ್ಕು ಹಿಡಿಯುತ್ತವೆ, ಮರದ ಬಾಗಿಲು ಉಬ್ಬಿ ಬಿಗಿಯುತ್ತದೆ. ಬಿಸಿನೀರು ಹೆಚ್ಚಾಗಿ ಚಾವಣಿಯ ಸೋಲಾರ್ ತೊಟ್ಟಿಯಿಂದ ಬರುತ್ತದೆ. ಸಂಜೆ ಎಲ್ಲರೂ ಸಮುದ್ರದಿಂದ ಬಂದು ಒಟ್ಟಿಗೆ ಸ್ನಾನಕ್ಕೆ ನಿಂತರೆ ಕೊನೆಯವರಿಗೆ ತಣ್ಣೀರು. ರೂಮಿನಲ್ಲೋ ವಿದ್ಯುತ್ ಪೆಟ್ಟಿಗೆಯಲ್ಲೋ ‘ಬಾಯ್ಲರ್’ ಸ್ವಿಚ್ ಇದ್ದರೆ ಸ್ನಾನಕ್ಕೆ ಅರ್ಧ ಗಂಟೆ ಮೊದಲು ಹಾಕಿ, ಆಮೇಲೆ ಮರೆಯದೆ ಆರಿಸಿ. ಬಚ್ಚಲಿನಲ್ಲಿ ಗಟಾರದ ವಾಸನೆ ಬಂದರೆ ಅದು ಕೊಳಕಲ್ಲ. ಬಳಸದೆ ಬಿಟ್ಟ ದಿನಗಳಲ್ಲಿ ನೆಲದ ಜಾಲರಿಯ ಕೆಳಗಿನ ಬಾಗಿದ ಪೈಪಿನಲ್ಲಿ ನೀರು ಒಣಗಿ, ಗಾಳಿ ಮೇಲೆ ಬರುತ್ತಿರುತ್ತದೆ. ಒಂದು ಲೀಟರ್ ನೀರು ನಿಧಾನವಾಗಿ ಸುರಿದರೆ ನಿಲ್ಲುತ್ತದೆ.

ಟಾಯ್ಲೆಟ್ ಪೇಪರನ್ನು ಕಮೋಡಿಗೆ ಹಾಕಲೇಬಾರದು, ಪಕ್ಕದಲ್ಲಿಟ್ಟ ಮುಚ್ಚಳದ ಡಬ್ಬಿಗೆ ಹಾಕಬೇಕು. ಪೈಪು ಕಿರಿದು, ಹಲವು ಕಡೆ ಹೊಲಸು ಸೇರುವುದು ಗುಂಡಿಗೆ; ಕಟ್ಟಿಕೊಂಡರೆ ಇಡೀ ಸಾಲಿನ ರೂಮುಗಳಿಗೆ ತೊಂದರೆ. ಕೈಶವರ್ ಕಮೋಡಿನ ಬಳಿ ಇರುವುದಿಲ್ಲ, ಒಂದು ಮಡಚುವ ಮಗ್ ಅಥವಾ ಚಿಕ್ಕ ಬಾಟಲಿ ಜತೆಗಿರಲಿ. ಮಳೆ ಕಡಿಮೆ, ಬೇಸಿಗೆಯಲ್ಲಿ ನೀರಿಗೆ ಬಹಳ ಬೆಲೆ. ಸಮುದ್ರದ ನೀರನ್ನು ಸಿಹಿಮಾಡಿ ಪೂರೈಸುತ್ತಾರೆ. ಕುಡಿಯಲು ಬಾಟಲಿ ನೀರು ತನ್ನಿ. ಟವೆಲನ್ನು ದಿನವೂ ಬದಲಿಸಲಿಲ್ಲವೆಂದು ಬೇಸರಪಡಬೇಡಿ.

ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಮಧ್ಯಾಹ್ನ 3ರಿಂದ 5.30, ರಾತ್ರಿ 11ರಿಂದ ಬೆಳಿಗ್ಗೆ 7 ಗಂಟೆ ಗ್ರೀಸ್‌ನಲ್ಲಿ ಕಾನೂನಿನಂತೆ ಸದ್ದುಮಾಡದಿರುವ ಹೊತ್ತು. ಮಧ್ಯಾಹ್ನ ಮನೆಯವರು ಮಲಗಿರುತ್ತಾರೆ, ಆಗ ಬಾಲ್ಕನಿಯಲ್ಲಿ ಊರಿಗೆ ವೀಡಿಯೊ ಕಾಲ್ ಮಾಡಬೇಡಿ. ಕಡಲತೀರ ಯಾರ ಸ್ವತ್ತೂ ಅಲ್ಲ; ಬಾಡಿಗೆಯ ಕುರ್ಚಿ-ಕೊಡೆ ತೆಗೆದುಕೊಳ್ಳದೆ ಖಾಲಿ ಮರಳಿನಲ್ಲಿ ನಿಮ್ಮ ಚಾದರ ಹಾಸಿಕೊಂಡು ಕೂರುವ ಹಕ್ಕು ನಿಮಗಿದೆ. ಬಂಡೆಯಿರುವ ಕಡೆ ನೀರಿಗಿಳಿದರೆ ಮುಳ್ಳಿನ ಸಮುದ್ರಜೀವಿ ಚುಚ್ಚುತ್ತದೆ, ರಬ್ಬರ್ ಚಪ್ಪಲಿ ಹಾಕಿಕೊಳ್ಳಿ.

ಇನ್ನು ಊಟ. ಆರ್ಥೊಡಾಕ್ಸ್ ಕ್ರೈಸ್ತರು ವರ್ಷದಲ್ಲಿ ಬಹಳ ದಿನ ಮಾಂಸ, ಹಾಲು, ಮೊಟ್ಟೆ ಬಿಟ್ಟು ಉಪವಾಸ ಮಾಡುವವರು. ಆ ಉಪವಾಸದ ಅಡುಗೆಗೆ ‘ನಿಸ್ತೀಸಿಮಾ’ ಎನ್ನುತ್ತಾರೆ. ಈ ಒಂದು ಪದ ಹೇಳಿದರೆ ಅತ್ತೆಯವರಿಗೆ ಮಾಂಸ, ಮೊಟ್ಟೆ, ಹಾಲು ಮೂರೂ ಬೇಡವೆಂದು ಅಡುಗೆಯವರಿಗೆ ಅರ್ಥವಾಗುತ್ತದೆ. ಒಂದೇ ತೊಡಕು: ಆ ಲೆಕ್ಕದಲ್ಲಿ ಸೀಗಡಿ, ಆಕ್ಟೋಪಸ್‌ಗೆ ನಿಷೇಧವಿಲ್ಲ, ಆದ್ದರಿಂದ ‘ಹೋರಿಸ್ ಥಲಸ್ಸಿನಾ’ ಎಂದು ಸೇರಿಸಿ, ಸಮುದ್ರದ್ದೇನೂ ಬೇಡ ಎಂದಾಯಿತು. ‘ಲಾದೆರಾ’ ಎಂಬ ತಲೆಬರಹದಡಿ ಆಲಿವ್ ಎಣ್ಣೆಯಲ್ಲಿ ನಿಧಾನವಾಗಿ ಬೆಂದ ತರಕಾರಿಗಳಿರುತ್ತವೆ: ಬದನೆ, ಬೆಂಡೆ, ಹುರುಳಿಕಾಯಿ, ಆಲೂಗಡ್ಡೆ. ಹಳದಿ ಬೇಳೆಯನ್ನು ಬೇಯಿಸಿ ನುಣ್ಣಗೆ ಮಾಡಿದ ‘ಫಾವಾ’ ನಮ್ಮ ಗಟ್ಟಿ ತೊವ್ವೆಯ ಹಾಗೆ, ಮೇಲೆ ಹಸಿ ಈರುಳ್ಳಿ, ನಿಂಬೆ.

ಸಿಫ್ನೋಸ್‌ನ ಹೆಮ್ಮೆ ‘ರೆವಿಥಾದ’. ಕಾಬೂಲ್ ಕಡಲೆ, ಈರುಳ್ಳಿ, ಆಲಿವ್ ಎಣ್ಣೆ, ಪಲಾವ್ ಎಲೆಯ ಜಾತಿಯದೇ ಒಂದು ಎಲೆ, ನೀರು, ಉಪ್ಪು, ಇಷ್ಟೇ. ಇದನ್ನು ಮುಚ್ಚಳದ ಮಣ್ಣಿನ ಮಡಕೆಗೆ ತುಂಬಿ ಶನಿವಾರ ರಾತ್ರಿ ಸೌದೆ ಒಲೆಯ ಗೂಡಿಗಿಟ್ಟರೆ, ಭಾನುವಾರ ಚರ್ಚಿನಿಂದ ಬರುವ ಹೊತ್ತಿಗೆ ಬೆಣ್ಣೆಯಷ್ಟು ಮೆದುವಾಗಿರುತ್ತದೆ. ಮಡಕೆಯೂ ದ್ವೀಪದ ಮಣ್ಣಿನದೇ, ಕುಂಬಾರಿಕೆ ಇಲ್ಲಿನ ಹಳೆಯ ಕಸುಬು. ಆದ್ದರಿಂದ ನಿಮ್ಮ ಐದು ರಾತ್ರಿಗಳ ನಡುವೆ ಒಂದು ಭಾನುವಾರ ಬರುವಂತೆ ದಿನ ಹೊಂದಿಸಿ, ಹಿಂದಿನ ದಿನವೇ ಊಟದ ಮನೆಗೆ ಹೇಳಿಡಿ. ಮಾಡಿದ್ದು ಒಂದೇ ಒಬ್ಬೆ, ಮಧ್ಯಾಹ್ನಕ್ಕೇ ಮುಗಿದುಹೋಗುತ್ತದೆ. ಕಡಲೆಯ ಕರಿದ ಉಂಡೆ ‘ರೆವಿಥೊಕೆಫ್ತೆದೆಸ್’ ಕೂಡ ಒಳ್ಳೆಯದು, ಆದರೆ ಹಿಟ್ಟಿಗೆ ಮೊಟ್ಟೆ ಹಾಕಿದ್ದಾರೆಯೇ ಎಂದು ಕೇಳಿ.

ಎಡವುವ ಜಾಗಗಳನ್ನೂ ಹೇಳುತ್ತೇನೆ. ಟೊಮೆಟೊ, ದೊಣ್ಣೆಮೆಣಸಿಗೆ ಅನ್ನ ತುಂಬಿದ ‘ಯೆಮಿಸ್ತಾ’ದಲ್ಲೂ ದ್ರಾಕ್ಷಿ ಎಲೆಯ ‘ದೊಲ್ಮಾದೆಸ್’ನಲ್ಲೂ ಕೆಲವರು ಮಾಂಸದ ಕೈಮಾ ಸೇರಿಸುತ್ತಾರೆ. ಫಾವಾದ ಮೇಲೆ ಕೆಲವೊಮ್ಮೆ ಆಕ್ಟೋಪಸ್ ಬರುತ್ತದೆ. ಆಲೂ ಫ್ರೈ ಮಾಡುವ ಎಣ್ಣೆ ಮೀನು ಕರಿದದ್ದೇ ಆಗಿರಬಹುದು. ಫೆಟಾ ಮತ್ತು ಊರಿನ ಚೀಸ್‌ಗಳನ್ನು ಸಾಂಪ್ರದಾಯಿಕವಾಗಿ ಎಳೆ ಪ್ರಾಣಿಯ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿ, ಹಾಲು ಒಡೆಸಿ ಮಾಡುತ್ತಾರೆ. ಅತ್ತೆಯವರು ಕಟ್ಟುನಿಟ್ಟಾಗಿದ್ದರೆ ಚೀಸ್ ಬಿಡಲಿ. ಗಟ್ಟಿ ಮೊಸರಿಗೆ ಆ ತಕರಾರಿಲ್ಲ. ಮಾಂಸ ಬೇಡ ಎನ್ನಲು ‘ಹೋರಿಸ್ ಕ್ರೆಯಾಸ್’, ಮೀನು ಬೇಡ ಎನ್ನಲು ‘ಹೋರಿಸ್ ಪ್ಸಾರಿ’, ಮೊಟ್ಟೆ ಬೇಡ ಎನ್ನಲು ‘ಹೋರಿಸ್ ಅವ್ಗೊ’. ಚೀಟಿಯಲ್ಲಿ ಬರೆಸಿಕೊಂಡು ಅಡುಗೆಮನೆಗೇ ಕಳಿಸಿ.

‘ಸ್ಟುಡಿಯೊ’ ಎಂದು ಬರೆದ ರೂಮಿನಲ್ಲಿ ಎರಡು ಕಾಯಿಲ್ ಒಲೆ, ಪುಟ್ಟ ಫ್ರಿಜ್ಜು, ನಾಲ್ಕು ಪಾತ್ರೆ ಇರುತ್ತವೆ. ಕಾಯಿಲ್ ಕಾಯುವುದೂ ನಿಧಾನ, ಆರುವುದೂ ನಿಧಾನ, ಉಪ್ಪಿಟ್ಟು ತಳ ಹಿಡಿಯುವುದು ಇದರಿಂದಲೇ. ಒಂದೆರಡು ನಿಮಿಷ ಮೊದಲೇ ಆರಿಸಿ. ಅವಲಕ್ಕಿ, ರವೆ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಒಯ್ಯಬಹುದು. ತುಪ್ಪ, ಹಾಲಿನ ಪುಡಿ, ಖೋವಾ ಸಿಹಿಯನ್ನು ಯುರೋಪಿಯನ್ ಒಕ್ಕೂಟದೊಳಗೆ ಪ್ರಯಾಣಿಕರು ತರುವಂತಿಲ್ಲ. ಹಸಿ ಕರಿಬೇವು, ತರಕಾರಿಗೂ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ತೆಂಗಿನಕಾಯಿಗೆ ಬೇಡ.

ಹಡಗಿನ ವಿಷಯದಲ್ಲಿ ಹೆಚ್ಚು ಜನ ಸಿಕ್ಕಿಬೀಳುವುದು ಸಮಯದ ಲೆಕ್ಕದಲ್ಲಿ. ಅಥೆನ್ಸ್‌ನ ಬಂದರಾದ ಪಿರೇಯಸ್‌ನಿಂದ ಕಮಾರೆಸ್‌ಗೆ ವೇಗದ ದೋಣಿಯಲ್ಲಿ ಎರಡೂವರೆ-ಮೂರು ಗಂಟೆ, ಸಾಮಾನ್ಯ ದೊಡ್ಡ ಹಡಗಿನಲ್ಲಿ ಸುಮಾರು ಐದು. ಅತ್ತೆಯವರಿದ್ದಾರೆಂದರೆ ದೊಡ್ಡ ಹಡಗೇ ವಾಸಿ: ಕುಲುಕಾಟ ಕಡಿಮೆ, ಡೆಕ್ ಮೇಲೆ ಓಡಾಡಬಹುದು, ಟಿಕೆಟ್ಟೂ ಅಗ್ಗ. ಗಾಳಿ ಜೋರಾದಾಗ ವೇಗದ ದೋಣಿಗಳು ಮೊದಲು ನಿಲ್ಲುತ್ತವೆ. ಗಾಳಿಯ ಬಿರುಸು ಅಳೆಯುವ ಬ್ಯೂಫೋರ್ಟ್ ಮಾಪಕದಲ್ಲಿ 8ರ ಆಸುಪಾಸಿಗೆ ಬಂದರೆ ದೊಡ್ಡ ಹಡಗಿಗೂ ಕರಾವಳಿ ಕಾವಲು ಪಡೆ ತಡೆ ಹಾಕುತ್ತದೆ. ನಾವಿಕರ ಮುಷ್ಕರವೂ ಆಗಾಗ ಇದ್ದದ್ದೇ. ರದ್ದಾದ ಟಿಕೆಟ್ಟಿನ ಹಣ ವಾಪಸ್ ಬರುತ್ತದೆ ಅಥವಾ ಮುಂದಿನ ಹಡಗಿಗೆ ಬದಲಿಸುತ್ತಾರೆ, ಆದರೆ ತಪ್ಪಿದ ವಿಮಾನಕ್ಕೆ ಅವರು ಹೊಣೆಯಲ್ಲ. ಆದ್ದರಿಂದ ಭಾರತಕ್ಕೆ ಹೊರಡುವ ಹಿಂದಿನ ರಾತ್ರಿ ಅಥೆನ್ಸ್‌ನಲ್ಲೇ ಕಳೆಯಬೇಕು. ಇದರಲ್ಲಿ ರಾಜಿ ಬೇಡ.

ಹೋಗುವಾಗಲೂ ವಿಮಾನ ಇಳಿದ ದಿನವೇ ಹಡಗು ಹತ್ತುವ ಸಾಹಸ ಬೇಡ. 2025ರ ಅಕ್ಟೋಬರ್ 12ರಿಂದ ಗ್ರೀಸ್ ಸೇರಿದಂತೆ ಒಂದೇ ವೀಸಾ ನಡೆಯುವ ಶೆಂಗೆನ್ ದೇಶಗಳ ಗಡಿಯಲ್ಲಿ ಬೆರಳಚ್ಚು, ಮುಖದ ಫೋಟೊ ದಾಖಲಿಸುವ ಹೊಸ ವ್ಯವಸ್ಥೆ ಬಂದಿದೆ, ಸಾಲು ಉದ್ದವಾಗಬಹುದು. ಮೆಟ್ರೊ 3ನೇ ಮಾರ್ಗ ವಿಮಾನ ನಿಲ್ದಾಣದಿಂದ ಪಿರೇಯಸ್‌ಗೆ ನೇರ ಹೋಗುತ್ತದೆ, ಸುಮಾರು ಒಂದು ಗಂಟೆ. ಆ ರಾತ್ರಿ ಪಿರೇಯಸ್‌ನಲ್ಲಿ ಮಲಗಿ, ಬೆಳಿಗ್ಗೆ ಹಡಗಿಗೆ ಮುಕ್ಕಾಲು ಗಂಟೆ ಮೊದಲು ಟಿಕೆಟ್ಟಿನಲ್ಲಿರುವ ಗೇಟಿಗೆ ಹೋಗಿ. ಬಂದರು ದೊಡ್ಡದು, ಒಂದು ಗೇಟಿನಿಂದ ಇನ್ನೊಂದಕ್ಕೆ ಸೂಟ್‌ಕೇಸ್ ಎಳೆದುಕೊಂಡು ನಡೆಯುವುದು ಅತ್ತೆಯವರಿಗೆ ಆಗದು, ಟ್ಯಾಕ್ಸಿಯವರಿಗೆ ಗೇಟ್ ಸಂಖ್ಯೆ ಹೇಳಿ. ಹಡಗಿನ ಹಿಂಬಾಗಿಲಿನಿಂದ ವಾಹನಗಳ ಜತೆಗೇ ಒಳಗೆ ಹೋಗಬೇಕು. ನಿಮ್ಮ ದ್ವೀಪದ ಹೆಸರಿರುವ ಕಪಾಟಿನಲ್ಲಿ ಸೂಟ್‌ಕೇಸ್ ಇಟ್ಟು, ಔಷಧಿ, ಪಾಸ್‌ಪೋರ್ಟ್ ಜತೆಗೊಯ್ಯಿರಿ. ಈ ಸಾಲಿನಲ್ಲಿ ಸಿಫ್ನೋಸ್‌ಗಿಂತ ಮುಂಚೆ ಸಾಮಾನ್ಯವಾಗಿ ಸೆರಿಫೋಸ್ ಬರುತ್ತದೆ, ಬೋರ್ಡು ಓದದೆ ಇಳಿಯಬೇಡಿ. ಚಿಕ್ಕ ಬಂದರುಗಳಲ್ಲಿ ಹಡಗು ಕೆಲವೇ ನಿಮಿಷ ನಿಲ್ಲುವುದರಿಂದ ಹತ್ತು ನಿಮಿಷ ಮುಂಚೆಯೇ ಕೆಳಗಿಳಿದು ಸಿದ್ಧವಾಗಿರಿ.

ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು. ದೊಡ್ಡವರಿಗೆ ಶುಲ್ಕ 90 ಯೂರೊ, ವಿಮೆ ಕನಿಷ್ಠ 30,000 ಯೂರೊದ್ದು. ಅದರಲ್ಲಿ ದ್ವೀಪದಿಂದ ಅಥೆನ್ಸ್‌ಗೆ ರೋಗಿಯನ್ನು ಸಾಗಿಸುವ ಖರ್ಚೂ ಸೇರಿರಲಿ, ಏಕೆಂದರೆ ದೊಡ್ಡ ಆಸ್ಪತ್ರೆ ದ್ವೀಪದಲ್ಲಿಲ್ಲ. ವೀಸಾ ಕೈಗೆ ಬರುವವರೆಗೆ ರದ್ದುಮಾಡಬಹುದಾದ ಬುಕಿಂಗ್ ಮಾತ್ರ ಇಟ್ಟುಕೊಳ್ಳಿ. ಮೂವರ ಹೆಸರೂ ಪಾಸ್‌ಪೋರ್ಟಿನಲ್ಲಿರುವಂತೆಯೇ ಇರುವ ದೃಢೀಕರಣ ಪತ್ರ ಕೇಳಿ. ಮುಂಗಡವನ್ನು ಕಾರ್ಡಿನಲ್ಲಿ ಕೊಡಿ. ನಮ್ಮ ಬ್ಯಾಂಕಿನಿಂದ ವಿದೇಶಿ ಖಾತೆಗೆ ಹಣ ಕಳಿಸಲು ಎ2 ಫಾರಂ, ಕಮಿಷನ್ ಎಲ್ಲ ಬೇಕು. ಕಾರ್ಡಿನ ವಿದೇಶ ಬಳಕೆಯನ್ನು ಆ್ಯಪ್‌ನಲ್ಲಿ ಮೊದಲೇ ತೆರೆಯಿರಿ. ಯಂತ್ರ ‘ರೂಪಾಯಿಯೋ ಯೂರೊವೋ’ ಎಂದು ಕೇಳಿದರೆ ಯೂರೊ ಒತ್ತಿ, ರೂಪಾಯಿ ಒತ್ತಿದರೆ ದುಬಾರಿ ದರ ಹಾಕುತ್ತಾರೆ. ಬಸ್ಸು, ಚಿಕ್ಕ ಅಂಗಡಿಗೆಂದು ಸ್ವಲ್ಪ ನಗದು ಜತೆಗಿರಲಿ.

ಹೊರಡುವ ದಿನ ಬೆಳಿಗ್ಗೆ 11ಕ್ಕೋ 12ಕ್ಕೋ ರೂಮು ಬಿಡಬೇಕು, ಹಡಗು ಸಂಜೆಗಿರಬಹುದು. ಸೂಟ್‌ಕೇಸ್ ಇಡಲು, ಅತ್ತೆಯವರು ಒರಗಿಕೊಳ್ಳಲು, ಕೊನೆಯದಾಗಿ ಸ್ನಾನ ಮಾಡಲು ಜಾಗ ಸಿಗುತ್ತದೆಯೇ ಎಂದು ಬಂದ ದಿನವೇ ಕೇಳಿಡಿ. ಖಾಲಿ ರೂಮಿದ್ದರೆ ಕುಟುಂಬದ ಹೋಟೆಲಿನವರು ಬೀಗದ ಕೈ ಕೊಟ್ಟುಬಿಡುತ್ತಾರೆ. ಹಿಂದಿನ ಸಂಜೆ ಗಾಳಿಯ ಮುನ್ಸೂಚನೆ ನೋಡಿ, ಹಡಗು ಹೊತ್ತಿಗೆ ಸರಿಯಾಗಿ ಬರುತ್ತದೆಯೇ ಎಂದು ಅವರ ಬಳಿಯೇ ವಿಚಾರಿಸಿ. ಬಂದರಿಗೆ ಫೋನ್ ಮಾಡಿ ಗ್ರೀಕ್‌ನಲ್ಲಿ ಕೇಳಿ ತಿಳಿಸುತ್ತಾರೆ.